ಮೊಳೆ ಹಿಡಿಯದ ಗೋಡೆ

ಮೊನ್ನೆ ಮಿಕ್ಸಿಯ ಪ್ಲಗ್ಗು ಸಡಿಲವಾಯಿತೆಂದು ಸ್ಕ್ರೂಡ್ರೈವರ್ ಹುಡುಕಲು ಹೋದವನ ಕೈಗೆ ಹಳೆಯ ಪೌಡರ್ ಡಬ್ಬಿಯೊಂದು ಸಿಕ್ಕಿತು. ಅಲ್ಲಾಡಿಸಿದರೆ ಗಲಗಲ ಅಂದಿತು. ಮುಚ್ಚಳ ತೆಗೆದರೆ ಒಳಗೆಲ್ಲ ಸೊಟ್ಟ ಮೊಳೆಗಳು. ನನ್ನ ಹೆಂಡತಿ ಗುಜರಿಗೆ ಹಾಕೋಣವೆಂದು ಕೈ ಚಾಚಿದಳು, ನಾನು ಕೊಡಲಿಲ್ಲ. ತಾಂಡ್ಯದ ಕಾರ್ಖಾನೆಯೊಂದರಲ್ಲಿ ಮೇಂಟೆನೆನ್ಸ್ ಸೂಪರ್‌ವೈಸರ್ ಆಗಿರುವ ಮನುಷ್ಯ ಮನೆಯಲ್ಲಿ ಸೊಟ್ಟ ಮೊಳೆ ಕೂಡಿಟ್ಟುಕೊಂಡಿದ್ದಾನೆಂದು ನಾಲ್ಕು ಜನಕ್ಕೆ ಗೊತ್ತಾದರೆ ಏನು ಗತಿ ಅನ್ನುವುದು ಅವಳ ಚಿಂತೆ. ಆದರೆ ಇವು ಸಾಮಾನ್ಯ ಮೊಳೆಗಳಲ್ಲ. ನಮ್ಮ ಸೋದರಮಾವನ ಗೋಡೆಗೆ ಹಣೆ ಚಚ್ಚಿಕೊಂಡು ಸೊಟ್ಟಗಾದ ಮೊಳೆಗಳು. ಗೋಡೆಯ ಮೇಲೆ ಒಂದು ಫೋಟೋ ನೇತುಹಾಕಬೇಕೆಂದು ನಮ್ಮತ್ತೆ ಪಟ್ಟ ಪಾಡೆಲ್ಲ ಈ ಡಬ್ಬಿಯಲ್ಲಿದೆ. ಆಧುನಿಕ ವಾಸ್ತುಶಿಲ್ಪವನ್ನು ಎದುರಿಸಿ ಸೋತವರ ಇಂಥ ಇನ್ನೊಂದು ಸ್ಮಾರಕ ನಮ್ಮ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ.

ಮಾವನ ಹೆಸರು ಮರಿಸ್ವಾಮಿ. ಹುಟ್ಟಿದ್ದು ಕವಲಂದೆಯಲ್ಲಿ, ಓದಿದ್ದು ಮುಂಬಯಿಯಲ್ಲಿ, ಕೆಲಸ ಕಲಿತದ್ದು ದೆಹಲಿಯ ಬಹಳ ದೊಡ್ಡ ಆರ್ಕಿಟೆಕ್ಟರೊಬ್ಬರ ಆಫೀಸಿನಲ್ಲಿ. ಆ ದೊಡ್ಡವರು ತಮಗಿಂತ ದೊಡ್ಡವರೊಬ್ಬರ ಹತ್ತಿರ ವಿದೇಶದಲ್ಲಿ ಕಲಿತು ಬಂದಿದ್ದರಂತೆ. ಹೀಗೆ ಗುರುವಿನಿಂದ ಗುರುವಿಗೆ ಇಳಿದು ಬಂದ ಉಪದೇಶ ಇಷ್ಟೆ: ಕಟ್ಟಡ ಸುಳ್ಳು ಹೇಳಬಾರದು. ಕಾಂಕ್ರೀಟಿನದಾದರೆ ಕಾಂಕ್ರೀಟಿನ ಹಾಗೆಯೇ ಕಾಣಬೇಕು. ಅದಕ್ಕೆ ಪ್ಲಾಸ್ಟರಿಂಗ್ ಮಾಡುವುದು, ಬಣ್ಣ ಬಳಿಯುವುದು, ಬಾಗಿಲ ಮೇಲೆ ಸಿಮೆಂಟಿನ ನವಿಲು ಕೂರಿಸುವುದು ಎಲ್ಲವೂ ಮೋಸ. ಈ ಸತ್ಯವನ್ನು ತಲೆಯಲ್ಲಿ ತುಂಬಿಕೊಂಡು ಮಾವ ದೆಹಲಿಯಲ್ಲೇ ಇದ್ದುಬಿಟ್ಟಿದ್ದರೆ ಅದು ಅಲ್ಲಿಯವರ ಪಾಡಾಗುತ್ತಿತ್ತು. ಅವರು ನಂಜನಗೂಡಿಗೆ ಬಂದರು. ನಮ್ಮ ಕಡೆಯ ಊರುಗಳಿಗೆ ಹೊಸ ರೂಪ ಕೊಡುತ್ತೇನೆ ಅಂದರು. ಊರುಗಳೇನೂ ಕೇಳಿರಲಿಲ್ಲ.

ಆರ್ಕಿಟೆಕ್ಟ್ ಅಂದರೆ ಯಾರು, ಅವರಿಂದ ಏನು ಪ್ರಯೋಜನ ಅನ್ನುವುದು ಆಗ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಈಗಲೂ ತಿಳಿದಿರುವುದು ಅನುಮಾನ. ಜನ ಅವರನ್ನು ಇಂಜಿನಿಯರ್ರು ಎಂದು ಕರೆದು, ಪಂಪ್‌ಸೆಟ್ಟಿನ ಮೋಟಾರು ಸುಟ್ಟುಹೋಗಿದೆ ಬಂದು ನೋಡಿ ಅನ್ನುತ್ತಿದ್ದರು. ನಾನು ಮೋಟಾರಿನವನಲ್ಲ ಎಂದು ಮಾವ ತಾಳ್ಮೆಯಿಂದ ವಿವರಿಸುತ್ತಿದ್ದರು. ಕೇಳಿದವರು ಹೊರಗೆ ಹೋಗಿ, ಪಾಪ ಅಷ್ಟೊಂದು ಓದಿದರೂ ಮೋಟಾರು ಬರುವುದಿಲ್ಲವಂತೆ ಎಂದು ಮರುಗುತ್ತಿದ್ದರು. ಒಂದಷ್ಟು ಕಟ್ಟಡ ಎದ್ದ ಮೇಲೆ 'ಬೋಳುಗೋಡೆ ಇಂಜಿನಿಯರ್ರು' ಅನ್ನುವ ಬಿರುದು ತಾನಾಗಿಯೇ ಬಂತು. ಮಾವನಿಗೆ ಅದರಲ್ಲಿ ಬೇಸರವಿದ್ದದ್ದು ಇಂಜಿನಿಯರ್ ಅನ್ನುವ ಪದದ ಬಗ್ಗೆ ಮಾತ್ರ.

ನೀವು ತಿ. ನರಸೀಪುರದ ರಸ್ತೆಯಲ್ಲಿ ಹೋಗಿದ್ದರೆ ಅವರ ಬಸ್ ತಂಗುದಾಣವನ್ನು ನೋಡಿಯೇ ಇರುತ್ತೀರಿ. ದಾನಿಗಳೊಬ್ಬರು ತಮ್ಮ ತಂದೆಯ ನೆನಪಿಗೆ ಕಟ್ಟಿಸಿದ್ದು. ಅದರ ಸೂರು ಹಾರಲು ಹೊರಟ ಕೊಕ್ಕರೆಯ ರೆಕ್ಕೆಯ ಹಾಗೆ ಎರಡು ಕಡೆಯೂ ಮೇಲೆದ್ದಿದೆ. ಅದು ಪ್ರಯಾಣದ ಸಂಕೇತ ಎಂದು ಮಾವ ಹೇಳುತ್ತಿದ್ದರು. ಆ ಸಂಕೇತದ ಕೆಳಗೆ ಬೆಳಿಗ್ಗೆ ಒಂದು ಕಡೆಯಿಂದ ಬಿಸಿಲು ಬರುತ್ತದೆ, ಸಂಜೆ ಇನ್ನೊಂದು ಕಡೆಯಿಂದ. ಮಳೆ ಬಂದರೆ ಎರಡೂ ಕಡೆಯಿಂದ ಇರಚಲು ಹೊಡೆಯುತ್ತದೆ. ಜನ ಪಕ್ಕದ ಹೊಂಗೆಮರದ ನೆರಳಲ್ಲಿ ನಿಂತು ಬಸ್ಸಿಗೆ ಕಾಯುತ್ತ, ಬೇರೆ ಕೆಲಸವಿಲ್ಲದೆ ತಂಗುದಾಣವನ್ನು ನೋಡುತ್ತಾರೆ. ನೋಡಲು ಚೆನ್ನಾಗಿದೆ ಅನ್ನುವುದನ್ನು ಮಾತ್ರ ಯಾರೂ ಅಲ್ಲಗಳೆದಿಲ್ಲ. ಮೇಕೆಗಳಂತೂ ಪೂರ್ತಿ ಒಪ್ಪಿಕೊಂಡು ಅಲ್ಲೇ ಮಲಗುತ್ತವೆ.

ಆಮೇಲೆ ಕವಲಂದೆ ಕಡೆಯ ಒಂದು ಸಣ್ಣ ಮಠದ ವಿದ್ಯಾರ್ಥಿನಿಲಯ. ಅಲ್ಲಿಯ ಸ್ವಾಮಿಗಳು ಮಾವನನ್ನು ನಂಬಿ, ನಿಮಗೆ ತೋಚಿದಂತೆ ಕಟ್ಟಿ ಎಂದರು. ಒಬ್ಬ ಆರ್ಕಿಟೆಕ್ಟನಿಗೆ ಇಂಥ ಮಾತು ಹೇಳಬಾರದು. ಕಟ್ಟಡ ಎದ್ದು ನಿಂತಿತು, ಒಳಗೂ ಹೊರಗೂ ಬರಿಯ ಕಾಂಕ್ರೀಟು. ಕಾಂಕ್ರೀಟು ಸುರಿಯಲು ಕಟ್ಟಿದ್ದ ಸೆಂಟ್ರಿಂಗ್ ಹಲಗೆಗಳ ಗೀರು, ಗಂಟು, ಎಲ್ಲ ಗೋಡೆಯ ಮೇಲೆ ಅಚ್ಚಾಗಿ ಮೂಡಿದ್ದವು. ಅದೇ ಅದರ ಸೌಂದರ್ಯ. ಮಾವ ತೃಪ್ತಿಯಿಂದ ನಾಲ್ಕು ದಿನ ಮೈಸೂರಿಗೆ ಹೋದರು. ಉದ್ಘಾಟನೆಯ ದಿನ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಬಂದು ನೋಡಿದರೆ ಕಟ್ಟಡವೂ ಬಿಳಿ ಶರಟು ಹಾಕಿಕೊಂಡು ನಿಂತಿತ್ತು. ಸುತ್ತಲ ಊರಿನ ಭಕ್ತರೆಲ್ಲ ಸೇರಿ, ಹಗಲು ರಾತ್ರಿಯೆನ್ನದೆ ದುಡಿದು, ಅಡಿಯಿಂದ ಮುಡಿಯವರೆಗೆ ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಎಳೆದಿದ್ದರು. ಮೇಲಿನ ನೀರಿನ ಟ್ಯಾಂಕಿಗೆ ಮೂರು ಬೆರಳಿನ ವಿಭೂತಿಯೂ ಆಗಿತ್ತು. ಅವರಲ್ಲಿ ಹಿರಿಯರೊಬ್ಬರು ಮಾವನ ಕೈ ಹಿಡಿದುಕೊಂಡು, "ನೀವು ಬೇಜಾರ್ ಮಾಡ್ಕಬೇಡಿ ಸಾ. ಅರ್ದಕ್ಕೆ ನಿಂತೋಗಿತ್ತಲ್ಲ, ನಿಮ್ ಮರ್ವಾದಿ ಓಗ್ಬಾರ್ದು ಅಂತ ನಾವೇ ಪೂರೈಸ್ಬುಟ್ಟೋ" ಅಂದರು.

ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ ಮಾತು. ಮಾವನಿಗೆ ಶಾಲು ಹೊದಿಸಿದರು, ಹಾರ ಹಾಕಿದರು. ಸ್ವಾಮಿಗಳು ಆಶೀರ್ವಚನದಲ್ಲಿ ಕಟ್ಟಡ ಬೆಳ್ಳಗೆ ಲಕ್ಷಣವಾಗಿದೆ ಎಂದು ಹೊಗಳಿದರು. ಆ ದಿನದ ಫೋಟೋದಲ್ಲಿ ಮಾವ ಹಲ್ಲುನೋವಿನವರ ಹಾಗೆ ಕಾಣುತ್ತಾರೆ. ಸುಣ್ಣ ಕಾಂಕ್ರೀಟನ್ನು ಕಚ್ಚುವುದಿಲ್ಲವಾದ್ದರಿಂದ ವರ್ಷ ತುಂಬುವುದರೊಳಗೆ ಚಕ್ಕೆ ಚಕ್ಕೆಯಾಗಿ ಉದುರಿತು. ಮಾವನಿಗೆ ಜೀವ ಬಂತು. ಭಕ್ತರು ಮತ್ತೆ ಬಳಿದರು. ಇವತ್ತಿಗೂ ಹಬ್ಬಕ್ಕೆ ಮುಂಚೆ ಬಳಿಯುತ್ತಲೇ ಇದ್ದಾರೆ.

ಹೆಮ್ಮಿಗೆಯಲ್ಲಿ ಒಬ್ಬ ಗೌಡರಿಗೆ ಕಟ್ಟಿಕೊಟ್ಟ ಮನೆಯ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಒಳಗು ಹೊರಗು ಅನ್ನುವ ಭೇದ ಅಳಿಯಬೇಕು, ಅಂಗಳವೇ ಮನೆಯೊಳಕ್ಕೆ ಹರಿದು ಬರಬೇಕು ಎಂದು ಮಾವ ಆ ಮನೆಗೆ ಹೊಸ್ತಿಲನ್ನೇ ಇಡಲಿಲ್ಲ. ಅಂಗಳ ಹರಿದು ಬರುವುದಕ್ಕೆ ಮುಂಚೆ ಕೋಳಿಗಳು ಬಂದವು, ಕರು ಬಂತು. ಗೌಡರ ಹೆಂಡತಿಗೆ ಬೆಳಿಗ್ಗೆ ಎದ್ದು ಅರಿಸಿನ ಕುಂಕುಮ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. ಆಕೆ ಬಡಗಿಯಿಂದ ಬೇವಿನ ಹಲಗೆಯೊಂದನ್ನು ಮಾಡಿಸಿ ಬಾಗಿಲಿಗೆ ಅಡ್ಡಲಾಗಿ ಇಟ್ಟುಕೊಂಡರು. ದಿನವೂ ಅದಕ್ಕೇ ಪೂಜೆ. ಆದರೆ ಮಾವ ಯಾರಾದರೂ ದೊಡ್ಡವರಿಗೆ ಮನೆ ತೋರಿಸಲು ಬರುತ್ತಾರೆಂದು ಸುದ್ದಿ ಬಂದರೆ, ಅವರ ಮನಸ್ಸು ನೋಯಬಾರದೆಂದು ಹಲಗೆ ತೆಗೆದು ಕದದ ಹಿಂದೆ ಅಡಗಿಸುತ್ತಿದ್ದರು. ಮಾವ ಬಂದವರ ಮುಂದೆ ನಿಂತು, ನೋಡಿ ಇಲ್ಲಿ ಯಾವ ಅಡೆತಡೆಯೂ ಇಲ್ಲ ಎಂದು ಕೈಬೀಸಿ ತೋರಿಸುವಾಗ, ಗೌಡರೂ ಅವರ ಹೆಂಡತಿಯೂ ಮಕ್ಕಳೂ ಎಲ್ಲರೂ, ಇಲ್ಲದ ಹೊಸ್ತಿಲನ್ನು ಮೊಣಕಾಲೆತ್ತಿ ದಾಟಿಕೊಂಡು ಓಡಾಡುತ್ತಿದ್ದರು. ಮಾವ ಅದನ್ನು ಗಮನಿಸಲಿಲ್ಲವೋ, ಗಮನಿಸದಂತೆ ಇದ್ದರೋ, ನನಗೆ ಇವತ್ತಿಗೂ ತಿಳಿಯದು.

ಇನ್ನು ಅವರ ಸ್ವಂತ ಮನೆ. ನಂಜನಗೂಡಿನಲ್ಲಿ ಹೊಳೆಗೆ ಹೋಗುವ ದಾರಿಯಲ್ಲಿದೆ. ಹೈಸ್ಕೂಲಿಗೆಂದು ನಮ್ಮಪ್ಪ ನನ್ನನ್ನು ಕವಲಂದೆಯಿಂದ ತಂದು ಅಲ್ಲಿ ಬಿಟ್ಟಾಗ, ಅಂದಿನಿಂದ ಡಿಪ್ಲೊಮಾ ಮುಗಿಯುವವರೆಗೆ ನಾನು ಕಾಂಕ್ರೀಟಿನ ಮೇಲೆ ಮಲಗಬೇಕಾಗುತ್ತದೆಂದು ಹೇಳಿರಲಿಲ್ಲ. ಅಲ್ಲಿ ಮಂಚಗಳಿರಲಿಲ್ಲ. ಗೋಡೆಯೇ ಮುಂದೆ ಚಾಚಿಕೊಂಡು ಮಂಚವಾಗಿತ್ತು, ಬೆಂಚಾಗಿತ್ತು, ಮೇಜಾಗಿತ್ತು. ಏನನ್ನೂ ಅತ್ತಿತ್ತ ಸರಿಸುವ ಹಾಗಿರಲಿಲ್ಲ. ನನಗೆ ಮಾತ್ರ ಸರಿದುಕೊಳ್ಳುವ ಸ್ವಾತಂತ್ರ್ಯವಿತ್ತು. ನನ್ನ ತಲೆಯ ಹಿಂಭಾಗ ಸ್ವಲ್ಪ ಚಪ್ಪಟೆಯಾಗಿರುವುದಕ್ಕೆ ಆ ಮನೆಯೇ ಕಾರಣ ಎಂದು ನಾನು, ಹುಟ್ಟಿನಿಂದಲೇ ಹಾಗಿತ್ತು ಎಂದು ನಮ್ಮಮ್ಮ.

ಆ ಮನೆಯ ಗೃಹಪ್ರವೇಶ ನಾನು ಹುಟ್ಟುವ ಮುಂಚೆಯೇ ಆಗಿತ್ತು. ಆದರೂ ಅಲ್ಲಿ ನಡೆದದ್ದನ್ನು ನೋಡಿದಷ್ಟೇ ಚೆನ್ನಾಗಿ ಬಲ್ಲೆ, ಅಷ್ಟು ಸಲ ಕೇಳಿದ್ದೇನೆ. ಅತ್ತೆಯ ತವರು ತಿ. ನರಸೀಪುರ. ಅತ್ತೆ, ಅಂದರೆ ಪಾರ್ವತಮ್ಮನವರು, ತಾಯಿಗೆ ಒಬ್ಬಳೇ ಮಗಳು. ತಂದೆ ಮೊದಲೇ ಹೋಗಿದ್ದರು. ತಾಯಿಯನ್ನು ನಾವೆಲ್ಲ ನರಸೀಪುರದಜ್ಜಿ ಅನ್ನುತ್ತಿದ್ದೆವು. ಹಣೆ ತುಂಬ ವಿಭೂತಿ, ಬಿಳಿಕಲ್ಲಿನ ಮೂಗುಬೊಟ್ಟು. ಅಜ್ಜಿ ಗೃಹಪ್ರವೇಶಕ್ಕೆ ಬಂದು, ಪಾಯಸ ಉಂಡು, ಎಲ್ಲ ಕೋಣೆಗಳನ್ನೂ ನೋಡಿ, ಹಾಲಿನ ಮೂಡಣ ದಿಕ್ಕಿನ ದೊಡ್ಡ ಬೋಳುಗೋಡೆಯ ಮುಂದೆ ನಿಂತು ಬಹಳ ಹೊತ್ತು ದಿಟ್ಟಿಸಿದರು. ಅದು ಮಾವನ ಜೀವಮಾನದ ಗೋಡೆ. ಅಜ್ಜಿ ತಿರುಗಿ, ಎಲ್ಲರೂ ಕೇಳುವ ಹಾಗೆ, ಆದರೆ ನಿಜವಾದ ಅಕ್ಕರೆಯಿಂದ, "ಚೆಂದಾಗದೆ ಅಳೀಂದ್ರೆ. ಯಾವಾಗ ಮುಗೀತದೆ?" ಅಂದರು.

ಮುಗಿದಿದೆ ಎಂದು ಮಾವ ಹೇಳಿದರಂತೆ. ಅಜ್ಜಿ ಇನ್ನೊಮ್ಮೆ ಗೋಡೆಯನ್ನು ನೋಡಿ, ಇರಲಿ ನಿಧಾನವಾಗಿಯೇ ಆಗಲಿ, ಆತುರವೇನಿದೆ ಎಂದು ಸಮಾಧಾನ ಹೇಳಿದರಂತೆ. ಆಮೇಲೆ ಅಜ್ಜಿ ಮನೆಗೆ ಬಂದಾಗಲೆಲ್ಲ ಮೊದಲು ಗೋಡೆಯನ್ನು ನೋಡುವುದು, ಆಮೇಲೆ ಅಳಿಯನನ್ನು ನೋಡುವುದು, ಏನೂ ಕೇಳದೆ ಅಡಿಗೆಮನೆಗೆ ಹೋಗುವುದು. ಅದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಎಂಥೆಂಥ ದೊಡ್ಡವರ ಟೀಕೆಗೂ ಜಗ್ಗದ ಮಾವ, ಅಜ್ಜಿ ಬರುತ್ತಾರೆಂದರೆ ಮೈಸೂರಿನಲ್ಲಿ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಿದ್ದರು.

ಆದರೆ ಆ ಗೋಡೆಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಮಾವನಿಗೆ ಅನ್ಯಾಯ. ಎದುರಿನ ಪಡುವಣ ಗೋಡೆಯಲ್ಲಿ, ಸೂರಿನ ಕೆಳಗೆ, ಅವರು ಉದ್ದಕ್ಕೂ ಒಂದು ಸಣ್ಣ ಸೀಳು ಬಿಟ್ಟಿದ್ದರು. ಸಂಜೆ ನಾಲ್ಕರ ಹೊತ್ತಿಗೆ ಅದರೊಳಗಿಂದ ಬಿಸಿಲು ಒಂದು ಪಟ್ಟಿಯಾಗಿ ನುಗ್ಗಿ ಬೋಳುಗೋಡೆಯ ಮೇಲೆ ಬೀಳುತ್ತಿತ್ತು. ಹಲಗೆಯ ಗೀರುಗಳೆಲ್ಲ ಎದ್ದು ಕಾಣುತ್ತಿದ್ದವು. ಪಟ್ಟಿ ಸದ್ದಿಲ್ಲದೆ ಮೇಲಕ್ಕೇರಿ, ಕೆಂಪಗಾಗಿ, ಹೋಗಿಬಿಡುತ್ತಿತ್ತು. ಮಾವ ಬೆಂಚಿನ ಮೇಲೆ ಕೂತು ಅದಕ್ಕೆ ಬಸ್ಸಿಗೆ ಕಾದ ಹಾಗೆ ಕಾಯುತ್ತಿದ್ದರು. ಶಾಲೆಯಿಂದ ಬಂದ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, "ಸುಮ್ನಿರೋ, ಈಗ ಬತ್ತದೆ" ಅನ್ನುತ್ತಿದ್ದರು. ಬರುತ್ತಿತ್ತು. ನನಗೆ ಹೊಟ್ಟೆ ಹಸಿದಿರುತ್ತಿತ್ತು, ಗಮನವೆಲ್ಲ ಅಡಿಗೆಮನೆಯ ಕಡೆಗಿರುತ್ತಿತ್ತು. ಆದರೂ ಆ ಹೊತ್ತಿನಲ್ಲಿ ನನಗೆ ಮಾವನೆಂದರೆ ಬಹಳ ಪ್ರೀತಿ.

ಅಜ್ಜಿ ತೀರಿಕೊಂಡ ಮೇಲೆ ನರಸೀಪುರದ ಮನೆಯನ್ನು ಖಾಲಿ ಮಾಡಿ ಬಂದಾಗ, ಅತ್ತೆ ಅಲ್ಲಿಂದ ಬೇರೇನನ್ನೂ ತರಲಿಲ್ಲ. ಅಜ್ಜಿಯ ಫೋಟೋ ಒಂದನ್ನು ತಂದರು. ಅಜ್ಜಿ ಬದುಕಿನಲ್ಲಿ ತೆಗೆಸಿಕೊಂಡ ಒಂದೇ ಫೋಟೋ ಅದು. ಹಿಂದೆ ಸ್ಟುಡಿಯೋದ ಪರದೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ, ನಡುವೆ ಯಾವುದನ್ನೋ ಪರೀಕ್ಷಿಸುತ್ತಿರುವಂತೆ ನೋಡುವ ಅಜ್ಜಿ. ಅತ್ತೆಗೆ ಬೇಕಾಗಿದ್ದದ್ದು ಇಷ್ಟೆ: ಅವ್ವ ಹಾಲಿನ ಗೋಡೆಯ ಮೇಲೆ, ಬಂದವರಿಗೆ ಕಾಣುವ ಹಾಗೆ ಇರಬೇಕು. ನಮ್ಮ ಕಡೆ ಯಾವ ಮನೆಗೆ ಹೋದರೂ ಹಿರಿಯರು ಗೋಡೆಯ ಮೇಲಿಂದಲೇ ಬನ್ನಿ ಅನ್ನುವುದಲ್ಲವೇ? ಮಾವ ಕಡ್ಡಿ ಮುರಿದ ಹಾಗೆ ಹೇಳಿದರು, ಈ ಗೋಡೆಯ ಮೇಲೆ ಬಿಸಿಲು ಬಿಟ್ಟು ಬೇರೇನೂ ಇರಕೂಡದು. ಬಿಸಿಲಿಗೆ ಜಾಗ ಬಿಟ್ಟೇ ಹಾಕುತ್ತೇನೆ ಎಂದು ಅತ್ತೆ ಅಂದರು. ಮಾತು ಅಲ್ಲಿಗೆ ನಿಂತಿತು, ಫೋಟೋ ಬೀರುವಿನೊಳಕ್ಕೆ ಹೋಯಿತು.

ಅಂದಿನಿಂದ ಅಜ್ಜಿಯ ವಾಸ ಸೀರೆಗಳ ನಡುವೆ, ನುಸಿಗುಳಿಗೆಯ ವಾಸನೆಯಲ್ಲಿ. ಅತ್ತೆ ದಿನ ಬೆಳಿಗ್ಗೆ ಸ್ನಾನ ಮಾಡಿ ಬೀರು ತೆಗೆದು, ಅವ್ವನ ಹಣೆಗೆ ವಿಭೂತಿ ಇಟ್ಟು, ಮತ್ತೆ ಬೀರು ಮುಚ್ಚುತ್ತಿದ್ದರು. ಮಾವ ಊರಲ್ಲಿಲ್ಲದ ದಿನಗಳಲ್ಲಿ ಸ್ಟೂಲು ಹತ್ತಿ, ಸುತ್ತಿಗೆ ಹಿಡಿದು, ಗೋಡೆಗೆ ಮೊಳೆ ಹೊಡೆಯುತ್ತಿದ್ದರು. ಗೋಡೆ ಜಪ್ಪಯ್ಯ ಅಂದರೂ ಒಳಕ್ಕೆ ಬಿಡಲಿಲ್ಲ. ಮೊಳೆ ಟಣ್ಣೆಂದು ಸೊಟ್ಟಗಾಗಿ ಹಾರಿ ನನ್ನ ಕಾಲ ಬಳಿ ಬೀಳುತ್ತಿತ್ತು. ಅತ್ತೆ ಅದನ್ನು ಎತ್ತಿ ಪೌಡರ್ ಡಬ್ಬಿಗೆ ಹಾಕಿ, ಗೋಡೆಯ ಮೇಲಾದ ಚುಕ್ಕೆಗೆ ವಿಭೂತಿ ತಿಕ್ಕಿ ಮರೆಮಾಡುತ್ತಿದ್ದರು. ಮಾವ ಬಂದು, ಗೋಡೆಯನ್ನು ನೋಡಿ, ಅದೂ ಲಿಂಗಪೂಜೆ ಮಾಡಿಕೊಂಡಿದೆಯಲ್ಲ ಎಂದು ಮಾತ್ರ ಹೇಳಿ ಕೈಕಾಲು ತೊಳೆಯಲು ಹೋಗುತ್ತಿದ್ದರು.

ನಾನು ತಾಂಡ್ಯದಲ್ಲಿ ಕೆಲಸಕ್ಕೆ ಸೇರಿದ ಮೇಲೆ ನನ್ನ ಕೈಗೆ ಡ್ರಿಲ್ಲಿಂಗ್ ಮೆಷಿನ್ನು ಬಂತು. ಯಾವ ಕಾಂಕ್ರೀಟಿಗೂ ಅದು ಹೆದರುವುದಿಲ್ಲ. ಒಂದು ಭಾನುವಾರ ಊಟದ ಹೊತ್ತಿನಲ್ಲಿ, ಅತ್ತೆ ಹೂಂ ಅಂದರೆ ಎರಡೇ ನಿಮಿಷದ ಕೆಲಸ ಎಂದು ಜಂಬ ಕೊಚ್ಚಿದೆ. ಮಾವ ತಲೆ ಎತ್ತದೆ, "ಆ ಮೆಷಿನ್ನು ಒಳಕ್ಕೆ ಬಂದ ದಿವ್ಸ ನಾನು ಆಚೆ" ಅಂದರು. ಊಟವಾದ ಮೇಲೆ ಅತ್ತೆ ನನ್ನನ್ನು ಹಿತ್ತಿಲಿಗೆ ಕರೆದರು. ಬೈಯುತ್ತಾರೇನೋ ಅಂದುಕೊಂಡೆ. ಅವರು ಪಾತ್ರೆ ತೊಳೆಯುತ್ತ, ನನ್ನ ಕಡೆ ನೋಡದೆ, "ಬ್ಯಾಡ ಬುಡು ಮಾದೇವ. ಅವ್ರಿಗೆ ಉಳುದಿರೋದು ಅದೊಂದೇ ಗೋಡೆ. ಮಿಕ್ಕಿದ್ನೆಲ್ಲ ಊರೋರು ಬಳುದ್ಬುಟ್ರು" ಅಂದರು.

ಅದು ನಿಜವೇ ಆಗಿತ್ತು. ಹೆಮ್ಮಿಗೆಯ ಮನೆಗೆ ಈಗ ಗುಲಾಬಿ ಬಣ್ಣ ಬಂದಿತ್ತು, ಹೊಸ್ತಿಲೂ ಗ್ರಾನೈಟಿನದಾಗಿತ್ತು. ಬಸ್ ತಂಗುದಾಣ ಜಾಹೀರಾತಿನ ಅಡಿಯಲ್ಲಿ ಮುಳುಗಿತ್ತು. ಊರೆಲ್ಲ ಮಾವನನ್ನು ಮರೆತ ಮೇಲೆ, ಈಚೆಗೆ, ಬೆಂಗಳೂರಿನಿಂದ ಆರ್ಕಿಟೆಕ್ಚರ್ ಓದುವ ಹುಡುಗ ಹುಡುಗಿಯರು ಕ್ಯಾಮರಾ ಹಿಡಿದು ಬರತೊಡಗಿದರು. ಮಳೆನೀರು ಇಳಿದು ಕಪ್ಪಾದ ಗೋಡೆಯ ಮುಂದೆ ನಿಂತು ಆಹಾ ಅನ್ನುತ್ತಿದ್ದರು. ಒಬ್ಬಳು ಗೋಡೆಯನ್ನು ತಬ್ಬಿಕೊಂಡೇಬಿಟ್ಟಳು. ಇಂಥ ಮನೆಯಲ್ಲಿ ಬದುಕುವುದು ಎಂಥ ಅನುಭವ ಎಂದು ಅತ್ತೆಯನ್ನು ಕೇಳಿದರು. ಬೇಸಿಗೆಯಲ್ಲಿ ಬಿಸಿ, ಚಳಿಯಲ್ಲಿ ಥಂಡಿ ಎಂದು ಅತ್ತೆ ಹೇಳಿದರು. ಹವಾಮಾನಕ್ಕೆ ಪ್ರಾಮಾಣಿಕವಾಗಿ ಸ್ಪಂದಿಸುವ ಮನೆ ಎಂದು ಅವರು ಬರೆದುಕೊಂಡರು. ಮಾವ ಆ ದಿನವೆಲ್ಲ ಎಷ್ಟು ಖುಷಿಯಾಗಿದ್ದರೆಂದರೆ, ಎರಡನೆಯ ಸಲ ಕಾಫಿ ಕೇಳಿದರು.

ಹೋದ ವರ್ಷ ಮಾವ ಶಿವೈಕ್ಯರಾದರು. ಬೆಂಚಿನ ಮೇಲೆ ಕೂತೇ ಹೋದರು, ಸಂಜೆಯ ಹೊತ್ತು. ಕವಲಂದೆಯ ಜಮೀನಿನಲ್ಲಿ ಮಣ್ಣು ಮಾಡಿದೆವು. ಗದ್ದಿಗೆಗೆ ಬರಿಯ ಕಾಂಕ್ರೀಟು ಸಾಕು ಎಂದು ಅವರು ಮೊದಲೇ ಹೇಳಿದ್ದರು. ಆದರೆ ನೆಂಟರಿಗೆ ಮನಸ್ಸು ತಡೆಯಲಿಲ್ಲ, ಹೊಳೆಯುವ ಹಸಿರು ಟೈಲ್ಸ್ ಹಾಕಿಸಿದರು. ಅರ್ಧಕ್ಕೆ ನಿಂತ ಹಾಗೆ ಕಾಣಬಾರದಲ್ಲ. ಶಿವಗಣಾರಾಧನೆಯ ದಿನಕ್ಕೆ ಮಾವನ ಫೋಟೋ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಗಂಧದ ಹಾರ ತಂದರು. ಎಲ್ಲಿ ಹಾಕುವುದೆಂದು ಚರ್ಚೆಯೇ ಆಗಲಿಲ್ಲ, ಹಾಲಿನಲ್ಲಿ ಅಷ್ಟು ದೊಡ್ಡ ಗೋಡೆ ಖಾಲಿ ಇತ್ತಲ್ಲ. ಮೆಷಿನ್ನು ತೆಗೆದುಕೊಂಡು ಬಾ ಎಂದು ನನಗೆ ಹೇಳಿದರು. ತೆಗೆದುಕೊಂಡು ಹೋದೆ. ಅದು ಒಳಕ್ಕೆ ಬಂದ ದಿವಸ ಮಾವ ಆಚೆಯೇ ಇದ್ದರು, ಆಡಿದ ಮಾತು ಉಳಿಸಿಕೊಂಡು.

ಪೂಜೆ, ಊಟ ಎಲ್ಲ ಮುಗಿದು ಜನ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಹೊತ್ತಿನಲ್ಲಿ ನಾನು ಸ್ಟೂಲು ಹತ್ತಿದೆ. ಮಾವನ ಫೋಟೋ ಹಿಡಿದುಕೊಂಡು ನೆಂಟರೊಬ್ಬರು ಕೆಳಗೆ ನಿಂತಿದ್ದರು. ಅಡಿಗೆಮನೆಯಿಂದ ಬಂದ ಅತ್ತೆ ಆ ಫೋಟೋವನ್ನು ಅವರ ಕೈಯಿಂದ ತೆಗೆದುಕೊಂಡು, ಸೆರಗಿನಿಂದ ಒರೆಸಿ, ಎದುರಿನ ಬೆಂಚಿನ ಮೇಲೆ, ಮಾವ ಕೂರುತ್ತಿದ್ದ ಜಾಗದಲ್ಲಿ ಒರಗಿಸಿದರು. "ಅವ್ರುದ್ದು ಇಲ್ಲೇ ಇರ್ಲಿ. ಗ್ವಾಡೆ ಮ್ಯಾಲೆ ನೇತಾಕದು ಅವ್ರಿಗೆ ಆಯ್ತಿರ್ನಿಲ್ಲ" ಅಂದರು.

ಆಮೇಲೆ ಒಳಗೆ ಹೋದರು. ಬೀರು ತೆರೆದ ಸದ್ದು ಕೇಳಿತು. ಒಂದು ಕೈಯಲ್ಲಿ ಪೌಡರ್ ಡಬ್ಬಿ ಹಿಡಿದು, ಅಜ್ಜಿಯನ್ನು ಎದೆಗವಚಿಕೊಂಡು ಬಂದು, ಅಜ್ಜಿಯನ್ನು ನನಗೆ ಕೊಟ್ಟು, "ಇದ್ಕೆ ಒಡಿ" ಅಂದರು.

ಇಂಥ ದಿನ, ಇದು ಹೇಗೆ, ಎಂದು ನೆಂಟರು ಏನೋ ಹೇಳಲು ಹೊರಟರು. ಅತ್ತೆ ಗೋಡೆಯನ್ನೊಮ್ಮೆ ನೋಡಿ ಅವರನ್ನೊಮ್ಮೆ ನೋಡಿದರು. ಆ ನೋಟ ಯಾರದೆಂದು ನನಗೆ ಗೊತ್ತಿತ್ತು. ನಾನು ಕೊರೆದೆ. ಮೇಂಟೆನೆನ್ಸ್ ಸೂಪರ್‌ವೈಸರನ ಕೈ, ತೂತು ಸ್ವಲ್ಪ ಎಡಕ್ಕೇ ಬಿತ್ತು. ಬೂದಿ ಬಣ್ಣದ ಪುಡಿ ಉದುರಿ ಅತ್ತೆಯ ತಲೆಯ ಮೇಲೆಲ್ಲ ಬಿತ್ತು, ಅವರು ಅತ್ತ ಸರಿಯಲಿಲ್ಲ. ಸ್ಕ್ರೂ ಹಿಡಿಯಿತು. ಅಜ್ಜಿ ಗೋಡೆ ಏರಿದರು.

ಆಗ ನಾಲ್ಕಾಗಿತ್ತು ಕಾಣುತ್ತದೆ. ಸೀಳಿನಿಂದ ಬಿಸಿಲಿನ ಪಟ್ಟಿ ಬಂದು, ಹಲಗೆಯ ಗೀರುಗಳನ್ನು ಹತ್ತಿಕೊಂಡು ಹೋಗಿ, ಅಜ್ಜಿಯ ಮುಖದ ಮೇಲೆ ನಿಂತಿತು. ಮೂಗುಬೊಟ್ಟು ಹೊಳೆಯಿತು. ಇಷ್ಟು ವರ್ಷ ಮಾವ ಯಾರಿಗಾಗಿ ಆ ಬೆಳಕಿನ ಏರ್ಪಾಡು ಮಾಡಿಟ್ಟಿದ್ದರೋ! ಎದುರಿನ ಬೆಂಚಿನಿಂದ ಅವರೂ ನೋಡುತ್ತಿದ್ದರು, ಮೈಸೂರಿಗೆ ಹೋಗುವ ದಾರಿ ಇನ್ನು ಅವರಿಗಿರಲಿಲ್ಲ. ನನಗೆ ಆ ಹೊತ್ತಿನಲ್ಲಿ ಮಾವ ಬೇಕು ಅನ್ನಿಸಿತು, ಪಕ್ಕದಲ್ಲಿ ಕೂತು ಸುಮ್ಮನಿರೋ ಅನ್ನುವುದಕ್ಕೆ.

ಅತ್ತೆ ಕೈಯಲ್ಲಿದ್ದ ಪೌಡರ್ ಡಬ್ಬಿಯನ್ನು, ಇನ್ನು ಇದು ನೀನೇ ಇಟ್ಟುಕೋ ಎಂದು ನನಗೆ ಕೊಟ್ಟರು. ಓರೆಯಾಗಿದ್ದ ಚೌಕಟ್ಟನ್ನು ಬೆರಳಿ‌ನಿಂದ ನೇರ ಮಾಡಿ, ಎರಡು ಹೆಜ್ಜೆ ಹಿಂದೆ ಬಂದು, ಗಂಡನ ಪಕ್ಕ ಬೆಂಚಿನ ಮೇಲೆ ಕೂತರು. ತಲೆಯ ಮೇಲಿನ ಪುಡಿಯನ್ನು ಕೊಡವಿಕೊಳ್ಳದೆ ಬಹಳ ಹೊತ್ತು ನೋಡಿ, ಗೋಡೆಯ ಕಡೆಗೆ ಹೇಳಿದರು:

"ಮುಗೀತು ಕಣವ್ವ, ಮನೆ."